ಅಂಚೆಯಿಂದ ಅಂತರ್ಜಾಲಕ್ಕೆ: 'ಕಟ್ಟಿಸುವ ವಿದ್ಯೆ' ನಡೆದು ಬಂದ ದಾರಿ

ನಮ್ಮ ಸಂಘದ ವಿದ್ಯಾರ್ಥಿವೇತನ ಸಮಿತಿಯ ಮುಂದೆ ಪ್ರತಿ ವರ್ಷ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಪಿಯುಸಿ, ಡಿಪ್ಲೊಮಾ, ಬಿ.ಇ., ನರ್ಸಿಂಗ್ ಮುಂತಾದ ಪರಿಚಿತ ಕೋರ್ಸುಗಳವು. ಅವುಗಳ ಬಗ್ಗೆ ತೀರ್ಮಾನಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಕಳೆದ ಸಲ ಬಂದ ಒಂದು ಅರ್ಜಿ ಸಮಿತಿಯನ್ನು ಅರ್ಧ ದಿನ ಕೂರಿಸಿತು. ಅರ್ಜಿದಾರ ಸಿವಿಲ್ ಡಿಪ್ಲೊಮಾ ಮುಗಿಸಿ ಆರು ವರ್ಷಗಳಿಂದ ಸೌದಿ ಅರೇಬಿಯಾದಲ್ಲಿ ಸೈಟ್ ಸೂಪರ್‌ವೈಸರ್ ಆಗಿ ದುಡಿಯುತ್ತಿರುವ ಯುವಕ. ಕೆಲಸ ಬಿಡದೆ, ವಿಶ್ವವಿದ್ಯಾಲಯವೊಂದರ ಮೂಲಕ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ವಿಷಯವನ್ನು ಆನ್‌ಲೈನ್‌ನಲ್ಲಿ ಓದಬೇಕೆಂಬುದು ಅವನ ಆಸೆ. ಅರ್ಜಿಯ ಜೊತೆ ಒಂದು ಬಣ್ಣದ ಕರಪತ್ರವನ್ನೂ ಕಳಿಸಿದ್ದ. ಉದ್ಯೋಗದಲ್ಲಿರುವ ಡಿಪ್ಲೊಮಾದವರಿಗೆ ಒಂದೇ ವರ್ಷದಲ್ಲಿ ಬಿ.ಟೆಕ್. ಪದವಿ ಕೊಡಿಸುವುದಾಗಿ ಅದರಲ್ಲಿ ಅಚ್ಚಾಗಿತ್ತು. ಶುಲ್ಕವೇನೂ ಕಡಿಮೆಯಿರಲಿಲ್ಲ.

ಸಮಿತಿಯ ಹಿರಿಯರೊಬ್ಬರು, ಜೀವಮಾನವಿಡೀ ಗುತ್ತಿಗೆ ಕೆಲಸ ಮಾಡಿಸಿದವರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ಅಲ್ಲ ಮಾಸ್ಟ್ರೇ, ಮನೆ ಕಟ್ಟುವುದನ್ನು ಕಂಪ್ಯೂಟರಿನಲ್ಲಿ ಕಲಿಯಲಿಕ್ಕೆ ಆಗುತ್ತದಾ?" ಇನ್ನೊಬ್ಬರು, ಇಂಥ ಸರ್ಟಿಫಿಕೇಟು ನಂಬಿ ತಮ್ಮ ತಂಗಿಯ ಮಗ ಕೈಸುಟ್ಟುಕೊಂಡ ಕತೆ ಹೇಳಿದರು. ಕೊನೆಗೆ, "ನೀವು ಪಾಠ ಮಾಡಿದವರು, ವಿಚಾರಿಸಿ ಹೇಳಿ" ಎಂದು ಆ ಕಡತವನ್ನು ನನ್ನ ತಲೆಗೆ ಕಟ್ಟಿದರು. ವಿಚಾರಿಸುತ್ತ ಹೋದಂತೆ ಇದು ನಿನ್ನೆ ಮೊನ್ನೆಯ ವಿಷಯವಲ್ಲ, ಇದರ ಹಿಂದೆ ನೂರೈವತ್ತು ವರ್ಷಗಳ ಇತಿಹಾಸವಿದೆ ಎಂಬುದು ತಿಳಿಯಿತು. ಸಂಘದ ಸದಸ್ಯರಿಗೂ, ಮುಖ್ಯವಾಗಿ ಡಿಪ್ಲೊಮಾ ಓದುತ್ತಿರುವ ನಮ್ಮ ಮಕ್ಕಳಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಟ್ಟುವುದು ಮತ್ತು ಕಟ್ಟಿಸುವುದು

ಹಿರಿಯರ ಪ್ರಶ್ನೆಯಲ್ಲಿ ಹುರುಳಿದೆ. ಗಾರೆ ಕೆಲಸ, ಸೆಂಟ್ರಿಂಗ್, ಕಬ್ಬಿಣ ಕಟ್ಟುವುದು ಇವೆಲ್ಲ ಕೈಯಿಂದ ಕೈಗೆ ದಾಟಿ ಬಂದ ವಿದ್ಯೆಗಳು. ಹುಡುಗ ಮೊದಲು ಗಾರೆ ಕಲಸುತ್ತಾನೆ, ಆಮೇಲೆ ಕರಣೆ ಹಿಡಿಯುತ್ತಾನೆ, ತೂಗುಗುಂಡು ಬಿಡುವುದನ್ನೂ ರಸಮಟ್ಟ ನೋಡುವುದನ್ನೂ ಮೇಸ್ತ್ರಿಯ ಬೈಗುಳದ ನಡುವೆ ಕಲಿಯುತ್ತಾನೆ. ಇದಕ್ಕೆ ಅಂಚೆಯೂ ಇಲ್ಲ, ಅಂತರ್ಜಾಲವೂ ಇಲ್ಲ.

ಎಂಜಿನಿಯರಿಂಗ್ ಕಾಲೇಜುಗಳು ನಮ್ಮ ದೇಶಕ್ಕೆ ಬಂದದ್ದು ಕೂಡ ಕೆಲಸದ ಜಾಗದ ಒತ್ತಾಯದಿಂದಲೇ. ಗಂಗಾ ಕಾಲುವೆಯ ಕೆಲಸಕ್ಕೆ ತಿಳಿದ ಜನ ಬೇಕಾಗಿ 1847ರಲ್ಲಿ ರೂರ್ಕಿಯಲ್ಲಿ ಕಾಲೇಜು ಸ್ಥಾಪನೆಯಾಯಿತು. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1917ರಲ್ಲಿ. ಅಲ್ಲಿ ಕಲಿಸಿದ್ದು ಮುಖ್ಯವಾಗಿ ತೊಲೆ ಎಷ್ಟು ಭಾರ ಹೊರುತ್ತದೆ, ಕಟ್ಟೆ ಎಷ್ಟು ನೀರು ತಡೆಯುತ್ತದೆ ಎಂಬುದನ್ನು.

ಆದರೆ ಕಟ್ಟುವುದು ಬೇರೆ, ಕಟ್ಟಿಸುವುದು ಬೇರೆ. ಯಾವ ದಿನ ಎಷ್ಟು ಆಳು ಬೇಕು, ಸಿಮೆಂಟು ಎಷ್ಟು ಚೀಲ ತರಿಸಬೇಕು, ಕರಾರಿನಲ್ಲಿ ಏನು ಬರೆದಿದೆ, ಬಿಲ್ಲು ಎಷ್ಟಕ್ಕೆ ಹಾಕಬೇಕು, ಮಳೆ ಬಂದು ಹದಿನೈದು ದಿನ ಕೆಲಸ ನಿಂತರೆ ಆ ನಷ್ಟ ಯಾರದು, ಕೆಲಸಗಾರ ಮೇಲಿನಿಂದ ಬೀಳದಂತೆ ಏನು ಮಾಡಬೇಕು ಎಂಬಿವೆಲ್ಲ ಕಟ್ಟಿಸುವವನ ಚಿಂತೆಗಳು. ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಎಂದರೆ ಇದೇ. ಬಹುಕಾಲ ಇದನ್ನು ಯಾರೂ ಪಾಠದ ವಿಷಯವೆಂದು ಎಣಿಸಿರಲಿಲ್ಲ. ಅನುಭವದಿಂದ ತಾನಾಗಿ ಬರುವುದೆಂದು ಬಿಟ್ಟಿದ್ದರು. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಕಟ್ಟಡ ನಿರ್ಮಾಣಕ್ಕೆಂದೇ ಪ್ರತ್ಯೇಕ ವಿಭಾಗ ಆರಂಭವಾದದ್ದು 1935ರಲ್ಲಿ. ಕಟ್ಟಿಸುವ ವಿದ್ಯೆಯ ಹೆಚ್ಚಿನ ಭಾಗ ಮೇಜಿನ ಮುಂದೆ ಕಾಗದ, ಪೆನ್ಸಿಲು, ಲೆಕ್ಕದೊಂದಿಗೆ ಕಲಿಯುವಂಥದು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಇತಿಹಾಸವೆಲ್ಲ ಇದರ ಮೇಲೆ ನಿಂತಿದೆ.

ಕಲ್ಲಿದ್ದಲ ಗಣಿಯಿಂದ ಹುಟ್ಟಿದ ಶಾಲೆ

ಅಂಚೆಯ ಮೂಲಕ ಪಾಠ ಕಲಿಸುವ ಪದ್ಧತಿ ಇಂಗ್ಲೆಂಡಿನಲ್ಲಿ 1840ರ ಸುಮಾರಿಗೆ ಐಸಾಕ್ ಪಿಟ್‌ಮನ್ ಅವರ ಶೀಘ್ರಲಿಪಿ ಪಾಠಗಳಿಂದ ಶುರುವಾಯಿತೆನ್ನುತ್ತಾರೆ. ಕಾಗದ ಎಷ್ಟು ದೂರ ಹೋದರೂ ಒಂದೇ ಪೆನ್ನಿ ಎಂಬ ಅಂಚೆ ದರ ಆಗಷ್ಟೇ ಜಾರಿಗೆ ಬಂದಿತ್ತು. 1858ರಲ್ಲಿ ಲಂಡನ್ ವಿಶ್ವವಿದ್ಯಾಲಯವು, ಕಾಲೇಜಿಗೆ ಹೋಗದವರೂ ಪರೀಕ್ಷೆ ಬರೆದು ಪದವಿ ಪಡೆಯಬಹುದೆಂದು ಬಾಗಿಲು ತೆರೆಯಿತು. ಆದರೆ ಬೆವರು ಸುರಿಸಿ ದುಡಿಯುವವನಿಗೆ, ಅವನು ದುಡಿಯುವ ಜಾಗದಲ್ಲೇ, ಅವನ ಕೆಲಸದ ವಿದ್ಯೆಯನ್ನೇ ಕಲಿಸಬೇಕೆಂಬ ಯೋಚನೆ ದೊಡ್ಡದಾಗಿ ಬೆಳೆದದ್ದು ಅಮೆರಿಕದ ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಸೀಮೆಯಲ್ಲಿ. ಅದರ ಹಿನ್ನೆಲೆಯಲ್ಲಿ ಒಂದು ದುರಂತವಿದೆ.

1869ರ ಸೆಪ್ಟೆಂಬರಿನಲ್ಲಿ ಅಲ್ಲಿನ ಏವನ್‌ಡೇಲ್ ಗಣಿಗೆ ಬೆಂಕಿ ಬಿದ್ದು 110 ಮಂದಿ ಸತ್ತರು. ಅವರಲ್ಲಿ ಇಬ್ಬರು ರಕ್ಷಣೆಗೆ ಇಳಿದವರು. ಆ ಗಣಿಗೆ ಹೊರಬರಲು ಇದ್ದದ್ದು ಒಂದೇ ದಾರಿ. ಅದೇ ದಾರಿ ಉರಿದುಹೋದಾಗ ಒಳಗಿದ್ದವರು ಉಸಿರುಗಟ್ಟಿ ಸತ್ತರು. ಇಂಥ ದುರಂತಗಳ ನಂತರ, ಗಣಿಯ ಮೇಲ್ವಿಚಾರಕನಾಗಬೇಕಾದವನು ಪರೀಕ್ಷೆ ಪಾಸು ಮಾಡಲೇಬೇಕೆಂಬ ಕಾನೂನು ಬಂತು. ಕಾನೂನು ಒಳ್ಳೆಯದೇ. ಆದರೆ ಎಳವೆಯಲ್ಲೇ ಗಣಿಗೆ ಇಳಿದು, ಓದು ಬರಹ ಅಷ್ಟಕ್ಕಷ್ಟೇ ಎಂಬಂತಿದ್ದ ಕೂಲಿಗಾರ ಪರೀಕ್ಷೆ ಬರೆಯುವುದು ಹೇಗೆ? ಥಾಮಸ್ ಫಾಸ್ಟರ್ ಎಂಬ ಪತ್ರಿಕಾ ಸಂಪಾದಕರು ತಮ್ಮ ಪತ್ರಿಕೆಯಲ್ಲಿ ಗಣಿಗಾರರ ಪ್ರಶ್ನೆಗಳಿಗೆ ಉತ್ತರ ಕೊಡುವ ಅಂಕಣ ನಡೆಸುತ್ತಿದ್ದರು. ಆ ಪ್ರಶ್ನೋತ್ತರವೇ ಬೆಳೆದು 1891ರಲ್ಲಿ ಸ್ಕ್ರಾಂಟನ್ ಪಟ್ಟಣದಲ್ಲಿ ಅಂಚೆ ಪಾಠದ ಶಾಲೆಯಾಯಿತು. ಮುಂದೆ ಅದು ಇಂಟರ್‌ನ್ಯಾಷನಲ್ ಕರೆಸ್ಪಾಂಡೆನ್ಸ್ ಸ್ಕೂಲ್ಸ್ ಎಂಬ ಹೆಸರಿನಿಂದ ಜಗತ್ತಿನಾದ್ಯಂತ ಪ್ರಸಿದ್ಧವಾಯಿತು.

ಗಣಿಯಿಂದ ಶುರುವಾದ ಪಾಠಗಳು ಬೇಗನೆ ನಕ್ಷೆ ಬಿಡಿಸುವುದು, ಸರ್ವೆ, ಕಟ್ಟಡ ನಿರ್ಮಾಣ ಮುಂತಾದ ವಿಷಯಗಳಿಗೆ ಹಬ್ಬಿದವು. ಆ ಪಾಠಗಳನ್ನು ಬರೆದ ಕ್ರಮ ನಮ್ಮ ಪಠ್ಯಪುಸ್ತಕ ಬರೆಯುವವರಿಗೆ ಮಾದರಿಯಾಗಬೇಕಿತ್ತೆಂದು ನನಗನಿಸುತ್ತದೆ. ಓದುಗನಿಗೆ ಏನೂ ಗೊತ್ತಿಲ್ಲವೆಂದು ಎಣಿಸಿ, ಕೂಡುವ ಕಳೆಯುವ ಲೆಕ್ಕದಿಂದಲೇ ಶುರುಮಾಡಿ, ಒಂದೊಂದೇ ಮೆಟ್ಟಿಲು ಹತ್ತಿಸಿಕೊಂಡು ಹೋಗುತ್ತಿದ್ದರು. ವಿದ್ಯಾರ್ಥಿ ಉತ್ತರ ಬರೆದು ಕಳಿಸಿದರೆ ತಿದ್ದಿ ವಾಪಸು ಬರುತ್ತಿತ್ತು. ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದಿತ್ತು. ಹೊಸ ಶತಮಾನದ ಮೊದಲ ದಶಕಗಳಲ್ಲೇ ಸೇರಿದವರ ಸಂಖ್ಯೆ ಲಕ್ಷಗಳನ್ನು ದಾಟಿತು. ಆದರೆ ಸೇರಿದವರಲ್ಲಿ ಕೊನೆಯವರೆಗೆ ಓದಿ ಮುಗಿಸಿದವರು ಸಣ್ಣ ಪಾಲು ಮಾತ್ರ. ಊರೂರು ತಿರುಗಿ ಸೇರಿಸಿಕೊಳ್ಳುವ ಏಜೆಂಟರಿದ್ದರು, ಓದಿಸಿ ಮುಗಿಸುವ ಏಜೆಂಟರು ಇರಲಿಲ್ಲ! ಇವತ್ತು ಆನ್‌ಲೈನ್ ಕೋರ್ಸುಗಳ ಬಗ್ಗೆ ಕೇಳಿಬರುವ ದೂರೂ ಇದೇ ಅಲ್ಲವೇ.

ಒಂದು ದಿನ ತಪ್ಪಿದರೆ ಇಡೀ ಮನೆ ತಪ್ಪುತ್ತದೆ

ಕಟ್ಟಿಸುವ ವಿದ್ಯೆ ನಿಜವಾಗಿ ಒಂದು ಶಾಸ್ತ್ರವೆನಿಸಿಕೊಂಡದ್ದು ಎರಡು ಹೆಜ್ಜೆಗಳಲ್ಲಿ. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ 1910ರ ದಶಕದಲ್ಲಿ ಗೀಟಿನ ಪಟ್ಟಿಯೊಂದನ್ನು ಬಳಕೆಗೆ ತಂದರು. ಎಡಗಡೆ ಕೆಲಸಗಳ ಹೆಸರು, ಮೇಲೆ ತಾರೀಕುಗಳು. ಪ್ರತಿ ಕೆಲಸಕ್ಕೂ ಶುರುವಿನಿಂದ ಕೊನೆಯವರೆಗೆ ಒಂದು ಅಡ್ಡಗೀಟು. ಇವತ್ತಿಗೂ ಸೈಟ್ ಆಫೀಸಿನ ಗೋಡೆಯಲ್ಲಿ ನೇತಾಡುವುದು ಇದೇ. ಆದರೆ ಯಾವ ಕೆಲಸ ಯಾವುದನ್ನು ಕಾಯುತ್ತಿದೆ ಎಂಬುದು ಆ ಗೀಟುಗಳಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. 1957ರಲ್ಲಿ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಎಂಬವರು ಕಾರ್ಖಾನೆ ಕಟ್ಟುವ ಕೆಲಸಕ್ಕಾಗಿ, ಯೂನಿವ್ಯಾಕ್ ಕಂಪ್ಯೂಟರಿನ ಸಹಾಯದಿಂದ, ಕ್ರಿಟಿಕಲ್ ಪಾತ್ ಎಂಬ ವಿಧಾನವನ್ನು ರೂಪಿಸಿದರು. ಮರು ವರ್ಷವೇ ಅಮೆರಿಕದ ನೌಕಾಪಡೆ ತನ್ನ ಪೊಲಾರಿಸ್ ಕ್ಷಿಪಣಿ ಯೋಜನೆಗೆ ಪರ್ಟ್ ಎಂಬ ಇಂಥದೇ ವಿಧಾನವನ್ನು ಬಳಸಿತು.

ಹೆಸರು ದೊಡ್ಡದಾದರೂ ವಿಷಯ ಸರಳ. ನಮ್ಮೂರಿನ ಒಂದು ಮನೆಯನ್ನೇ ತೆಗೆದುಕೊಳ್ಳಿ. ಗೋಡೆ ಎದ್ದಿದೆ, ಸ್ಲ್ಯಾಬ್ ಹಾಕಬೇಕು. ಸೆಂಟ್ರಿಂಗ್ ಹೊಡೆದು ಕಬ್ಬಿಣ ಕಟ್ಟಿಯಾಯಿತು. ಕಾಂಕ್ರೀಟು ಹಾಕುವ ಮೊದಲು ಎಲೆಕ್ಟ್ರಿಷಿಯನ್ ಬಂದು ಸ್ಲ್ಯಾಬಿನೊಳಗೆ ಹೋಗುವ ಪೈಪುಗಳನ್ನು ಹಾಕಬೇಕು. ಅವನು ಒಂದು ದಿನ ತಡಮಾಡಿದ ಎಂದುಕೊಳ್ಳಿ. ಕಾಂಕ್ರೀಟು ಒಂದು ದಿನ ತಡ. ಕಾಂಕ್ರೀಟು ಹಾಕಿದ ಮೇಲೆ ಸ್ಲ್ಯಾಬ್ ನಾಲ್ಕೂವರೆ ಮೀಟರಿಗಿಂತ ಅಗಲವಿದ್ದರೆ ಹದಿನಾಲ್ಕು ದಿನ ಆಧಾರದ ಕಂಬ ತೆಗೆಯಬಾರದೆಂದು ಐಎಸ್ 456 ಎಂಬ ನಮ್ಮ ರಾಷ್ಟ್ರೀಯ ಮಾನಕ ಹೇಳುತ್ತದೆ. ಕಡಿಮೆ ಅಗಲವಾದರೆ ಏಳು ದಿನ. ಹಾಗಾಗಿ ಕಂಬ ತೆಗೆಯುವುದೂ ಒಂದು ದಿನ ತಡ, ಒಳಗಿನ ಪ್ಲಾಸ್ಟರಿಂಗ್ ಒಂದು ದಿನ ತಡ, ನೆಲ, ಬಣ್ಣ, ಕೊನೆಗೆ ಮನೆಯ ಒಕ್ಕಲೂ ಒಂದು ದಿನ ತಡ. ಅದೇ ಹೊತ್ತಿನಲ್ಲಿ ಬಡಗಿ ತನ್ನ ಕೊಟ್ಟಿಗೆಯಲ್ಲಿ ಬಾಗಿಲಿನ ಪಡಿ ಮಾಡುತ್ತಿದ್ದಾನೆ. ಅವನು ಐದು ದಿನ ತಡಮಾಡಿದರೂ ಮನೆ ಒಂದು ದಿನವೂ ತಡವಾಗುವುದಿಲ್ಲ. ಯಾಕೆಂದರೆ ಆ ಪಡಿ ಬೇಕಾಗುವುದು ಪ್ಲಾಸ್ಟರಿಂಗ್ ಮುಗಿದ ಮೇಲೆ. ಮನೆ ಯಜಮಾನ ಮಾಡುವುದೇನು? ದಿನಾ ಬಡಗಿಯ ಹತ್ತಿರ ಹೋಗಿ ಜಗಳವಾಡುತ್ತಾನೆ, ಎಲೆಕ್ಟ್ರಿಷಿಯನ್‌ಗೆ ಒಂದು ಫೋನೂ ಮಾಡುವುದಿಲ್ಲ. ತಡವಾದರೆ ಎಲ್ಲವನ್ನೂ ತಡಮಾಡುವ ಕೆಲಸಗಳ ಸರಪಳಿ ಯಾವುದೆಂದು ಲೆಕ್ಕಹಾಕಿ ತೋರಿಸುವುದೇ ಕ್ರಿಟಿಕಲ್ ಪಾತ್.

ನೂರು ಕೆಲಸಗಳಿದ್ದರೆ ಕೈಯಲ್ಲಿ ಲೆಕ್ಕ ಹಾಕಬಹುದು, ಹತ್ತು ಸಾವಿರ ಕೆಲಸಗಳ ವಿಮಾನ ನಿಲ್ದಾಣಕ್ಕೆ ಕಂಪ್ಯೂಟರೇ ಬೇಕು. ಪ್ರಿಮವೆರಾ ಎಂಬ ಕಂಪನಿ 1983ರಲ್ಲಿ ಹುಟ್ಟಿ ಈ ಲೆಕ್ಕದ ಸಾಫ್ಟ್‌ವೇರ್ ಮಾಡಿತು. ಇಂದು ಗಲ್ಫಿನ ನೌಕರಿ ಜಾಹೀರಾತುಗಳಲ್ಲಿ ಪ್ಲಾನಿಂಗ್ ಎಂಜಿನಿಯರ್ ಹುದ್ದೆಗೆ ಅದರ ಹೆಸರೇ ಅರ್ಹತೆಯಂತೆ ಕಾಣಿಸಿಕೊಳ್ಳುತ್ತದೆ. ಇನ್ನು ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ: ಕರಣೆ ಹಿಡಿಯುವುದನ್ನು ಕಂಪ್ಯೂಟರಿನಲ್ಲಿ ಕಲಿಯಲಾಗದು, ಆದರೆ ಮೇಲೆ ಹೇಳಿದ ಲೆಕ್ಕವನ್ನು ಕಂಪ್ಯೂಟರಿಲ್ಲದೆ ಕಲಿಯುವುದೇ ಈಗ ಕಷ್ಟ.

ದೂರದಿಂದ ಕಲಿಸಿದ ವಿಶ್ವವಿದ್ಯಾಲಯಗಳು

ಬ್ರಿಟನ್ನಿನಲ್ಲಿ ಕಟ್ಟಡದವರ ಸಂಘಟನೆ ಬಹಳ ಹಳೆಯದು. 1834ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಬಿಲ್ಡರ್ಸ್ ಸೊಸೈಟಿಯೇ ಇಂದಿನ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಬಿಲ್ಡಿಂಗ್. ಅದಕ್ಕೆ ರಾಜ ಸನ್ನದು ಸಿಕ್ಕಿದ್ದು 1980ರಲ್ಲಿ. 1919ರಲ್ಲಿ, ಮೊದಲ ಮಹಾಯುದ್ಧ ಮುಗಿದ ಬೆನ್ನಿಗೆ, ಕಾಲೇಜ್ ಆಫ್ ಎಸ್ಟೇಟ್ ಮ್ಯಾನೇಜ್‌ಮೆಂಟ್ ಎಂಬ ಸಂಸ್ಥೆ ಹುಟ್ಟಿತು. ಭೂಮಿ, ಕಟ್ಟಡ, ಅಳತೆ, ಮೌಲ್ಯಮಾಪನ ಇವು ಅದರ ವಿಷಯಗಳು. ಕೆಲಸದಲ್ಲಿರುವವರಿಗೆ ಅಂಚೆಯ ಮೂಲಕ ಕಲಿಸುವುದರಲ್ಲಿ ಹೆಸರು ಮಾಡಿದ ಈ ಸಂಸ್ಥೆ 1970ರ ದಶಕದಲ್ಲಿ ರೆಡಿಂಗ್ ಪಟ್ಟಣಕ್ಕೆ ಹೋಯಿತು, 2015ರಲ್ಲಿ ಯೂನಿವರ್ಸಿಟಿ ಕಾಲೇಜ್ ಎನಿಸಿಕೊಂಡಿತು, 2025ರಲ್ಲಿ ಯೂನಿವರ್ಸಿಟಿ ಆಫ್ ದ ಬಿಲ್ಟ್ ಎನ್ವಿರಾನ್‌ಮೆಂಟ್ ಎಂದು ಹೆಸರು ಬದಲಿಸಿಕೊಂಡಿತು. ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಪದವಿಯನ್ನು ಈಗ ಅದು ಅಂತರ್ಜಾಲದ ಮೂಲಕ ಕಲಿಸುತ್ತದೆ. ಅಂಚೆಯ ಲಕೋಟೆಯಿಂದ ಕಂಪ್ಯೂಟರ್ ಪರದೆಯವರೆಗಿನ ನೂರು ವರ್ಷದ ದಾರಿಯನ್ನು ಒಂದೇ ಸಂಸ್ಥೆಯಲ್ಲಿ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ದೂರಶಿಕ್ಷಣಕ್ಕೆ ಮರ್ಯಾದೆ ತಂದುಕೊಟ್ಟದ್ದು ಮಾತ್ರ ಬ್ರಿಟನ್ನಿನ ಓಪನ್ ಯೂನಿವರ್ಸಿಟಿ. ಮುಂದೆ ಪ್ರಧಾನಿಯಾದ ಹೆರಾಲ್ಡ್ ವಿಲ್ಸನ್ 1963ರಲ್ಲಿ ಗಾಳಿಯಲೆಗಳ ವಿಶ್ವವಿದ್ಯಾಲಯವೊಂದರ ಪ್ರಸ್ತಾಪ ಮಾಡಿದಾಗ ನಕ್ಕವರೇ ಹೆಚ್ಚು. ಮಂತ್ರಿ ಜೆನ್ನಿ ಲೀ ಅವರ ಹಟದಿಂದ 1969ರಲ್ಲಿ ಅದಕ್ಕೆ ಸನ್ನದು ಸಿಕ್ಕಿತು, 1971ರಲ್ಲಿ ಮೊದಲ ವಿದ್ಯಾರ್ಥಿಗಳು ಓದತೊಡಗಿದರು. ಟಿ.ವಿ. ಪಾಠ, ಬೇಸಿಗೆ ಶಿಬಿರ, ಮನೆಯಲ್ಲೇ ವಿಜ್ಞಾನ ಪ್ರಯೋಗ ಮಾಡಲು ಅಂಚೆಯಲ್ಲಿ ಬರುವ ಪೆಟ್ಟಿಗೆ, ಇವೆಲ್ಲ ಇದ್ದವು. ಪ್ರವೇಶಕ್ಕೆ ಹಿಂದಿನ ಅಂಕಪಟ್ಟಿ ಕೇಳುತ್ತಿರಲಿಲ್ಲ. ಬಾಗಿಲು ಅಗಲ, ಆದರೆ ಪರೀಕ್ಷೆ ಬಿಗಿ. ದೂರಶಿಕ್ಷಣ ನಿಲ್ಲುವುದೂ ಬೀಳುವುದೂ ಈ ಎರಡನೆಯ ಮಾತಿನ ಮೇಲೆ.

ನಮ್ಮ ದೇಶದ ಏಣಿ

ಭಾರತದಲ್ಲಿ ದುಡಿಯುತ್ತ ಎಂಜಿನಿಯರ್ ಆಗುವವರಿಗೆ ಬಹುಕಾಲ ಇದ್ದ ಒಂದೇ ಏಣಿ ಎ.ಎಂ.ಐ.ಇ. ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಎಂಬ ಸಂಸ್ಥೆ 1920ರಲ್ಲಿ ಸ್ಥಾಪನೆಯಾಗಿ 1935ರಲ್ಲಿ ರಾಜ ಸನ್ನದು ಪಡೆಯಿತು. ಅದರ ಎ ಮತ್ತು ಬಿ ವಿಭಾಗದ ಪರೀಕ್ಷೆಗಳನ್ನು ಪಾಸು ಮಾಡಿದವರನ್ನು ಎಂಜಿನಿಯರಿಂಗ್ ಪದವೀಧರರಿಗೆ ಸಮಾನವೆಂದು ಸರ್ಕಾರ ಒಪ್ಪುತ್ತಿತ್ತು. ತರಗತಿಯಿಲ್ಲ, ಮೇಷ್ಟ್ರಿಲ್ಲ. ಹಗಲು ಲೋಕೋಪಯೋಗಿ ಇಲಾಖೆಯ ರಸ್ತೆಯ ಮೇಲೆ ನಿಂತು, ರಾತ್ರಿ ಚಿಮಣಿ ದೀಪದಲ್ಲಿ ಓದಿ, ನಾಲ್ಕಾರು ಸಲ ಫೇಲಾಗಿ ಕೊನೆಗೂ ಪಾಸಾದ ಓವರ್‌ಸಿಯರುಗಳನ್ನು ನಾನು ಬಲ್ಲೆ. ಅವರ ಮುಂದೆ ಯಾವ ಕಾಲೇಜಿನ ಪದವೀಧರನೂ ಬಾಯಿಬಿಡುತ್ತಿರಲಿಲ್ಲ. 2013ರ ಮೇ 31ರವರೆಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಆ ಸಮಾನತೆ ಎಂದು ಕೇಂದ್ರ ಸರ್ಕಾರ ನಿಗದಿ ಮಾಡಿದ ಮೇಲೆ ಆ ಏಣಿಯನ್ನು ಸರಿಸಿಟ್ಟಂತಾಯಿತು.

ವಿಶ್ವವಿದ್ಯಾಲಯಗಳ ಕಡೆಯಿಂದ ಅಂಚೆ ಶಿಕ್ಷಣ ಶುರುವಾದದ್ದು 1962ರಲ್ಲಿ, ದೆಹಲಿಯಲ್ಲಿ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಸಂಸ್ಥೆ ತೆರೆಯಿತು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನಮ್ಮ ಎಷ್ಟೋ ಹೆಣ್ಣುಮಕ್ಕಳು ಮದುವೆಯ ನಂತರ ಬಿ.ಎ., ಎಂ.ಎ. ಮಾಡಿದ್ದು ಈ ದಾರಿಯಿಂದ. ಆದರೆ ಅವು ಹೆಚ್ಚಾಗಿ ಕಲೆ ಮತ್ತು ವಾಣಿಜ್ಯದ ವಿಷಯಗಳು.

ಕಟ್ಟಿಸುವ ವಿದ್ಯೆಗೆಂದೇ ನಮ್ಮಲ್ಲಿ ಒಂದು ಸಂಸ್ಥೆ ಬಂದದ್ದು 1980ರ ದಶಕದ ಆರಂಭದಲ್ಲಿ. ನಿಕ್ಮಾರ್ ಎಂದು ಕರೆಯುವ ಇದನ್ನು ನಿರ್ಮಾಣ ಉದ್ಯಮದವರೇ ಸ್ಥಾಪಿಸಿದರು. ಪುಣೆಯಲ್ಲಿ ನೆಲೆಯಾದ ಇದು ದೂರಶಿಕ್ಷಣವನ್ನೂ ನಡೆಸಿತು, 2022ರಲ್ಲಿ ವಿಶ್ವವಿದ್ಯಾಲಯವಾಯಿತು. 1985ರಲ್ಲಿ ಸಂಸತ್ತಿನ ಕಾಯಿದೆಯಿಂದ ಹುಟ್ಟಿದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವಂತೂ ಮುಂದೆ ಹೋಗಿ, ಕೆಲಸದಲ್ಲಿರುವ ಸಿವಿಲ್ ಡಿಪ್ಲೊಮಾದವರಿಗೆಂದು ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ವಿಶೇಷ ವಿಷಯವಾಗಿರುವ ಬಿ.ಟೆಕ್. ಪದವಿಯನ್ನೇ ಆರಂಭಿಸಿತು. ನಮ್ಮ ಅರ್ಜಿದಾರ ಬೇಡುತ್ತಿರುವುದು ಹೆಚ್ಚುಕಡಿಮೆ ಇದನ್ನೇ. ಅಂದರೆ ಅವನ ಆಸೆ ಅತಿಯಾಸೆಯಲ್ಲ. ದೇಶದ ಅತಿ ದೊಡ್ಡ ಮುಕ್ತ ವಿಶ್ವವಿದ್ಯಾಲಯವೇ ಒಂದು ಕಾಲದಲ್ಲಿ ಇದು ಸಾಧ್ಯವೆಂದು ಒಪ್ಪಿ ಕಲಿಸಿತ್ತು.

ಕಾಗದ ಕೈಕೊಟ್ಟಾಗ

ಇಷ್ಟಾದ ಮೇಲೂ ಜನ ಮೋಸಹೋದದ್ದು ಹೇಗೆ? 1973ರ ತೈಲ ಬೆಲೆ ಏರಿಕೆಯ ನಂತರ ಗಲ್ಫ್ ದೇಶಗಳಲ್ಲಿ ನಿರ್ಮಾಣದ ಕೆಲಸ ಉಕ್ಕಿಬಂತು. ಮೊದಲು ಮುಂಬಯಿಗೆ ಹೋಗುತ್ತಿದ್ದ ನಮ್ಮ ಕರಾವಳಿಯ ಹುಡುಗರು ಗಲ್ಫಿಗೆ ಹೋಗತೊಡಗಿದರು. ಅಲ್ಲಿ ಫೋರ್‌ಮನ್ ಮತ್ತು ಎಂಜಿನಿಯರ್ ಮಾಡುವ ಕೆಲಸದಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲದಿದ್ದರೂ ಸಂಬಳದಲ್ಲಿ, ವೀಸಾದಲ್ಲಿ, ಕುಟುಂಬವನ್ನು ಕರೆಸಿಕೊಳ್ಳುವ ಅವಕಾಶದಲ್ಲಿ ಭಾರೀ ಅಂತರ. ಆ ಅಂತರವನ್ನು ದಾಟಿಸುವುದು ಒಂದು ಪದವಿ ಪತ್ರ. ಬೇಡಿಕೆ ಇದ್ದಲ್ಲಿ ಅಂಗಡಿ ತೆರೆಯಲು ಎಷ್ಟು ಹೊತ್ತು!

2001ರ ನಂತರ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ತಾಂತ್ರಿಕ ಶಿಕ್ಷಣ ಪರಿಷತ್ತಿನ, ಅಂದರೆ ಎಐಸಿಟಿಇಯ, ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಕೊಡತೊಡಗಿದವು. ಅನುಮತಿಯನ್ನು ಆಮೇಲೆ ಹಿಂದಿನ ತಾರೀಕಿನಿಂದ ಅನ್ವಯವಾಗುವಂತೆ ಪಡೆದವು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2017ರ ನವೆಂಬರ್ 3ರಂದು ಬಂದ ತೀರ್ಪು ಸಾವಿರಾರು ಮನೆಗಳನ್ನು ಅಲುಗಾಡಿಸಿತು. ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳಿಂದ 2001ರಿಂದ 2005ರ ಅವಧಿಯಲ್ಲಿ ಸೇರಿ ಪದವಿ ಪಡೆದವರು ಎಐಸಿಟಿಇ ನಡೆಸುವ ಪರೀಕ್ಷೆಯನ್ನು ಹೆಚ್ಚೆಂದರೆ ಎರಡು ಅವಕಾಶಗಳಲ್ಲಿ ಪಾಸು ಮಾಡಬೇಕು, ಆಮೇಲೆ ಸೇರಿದವರ ಪದವಿ ರದ್ದು, ಕಟ್ಟಿದ ಶುಲ್ಕ ವಾಪಸು ಕೊಡಬೇಕು ಎಂದು ನ್ಯಾಯಾಲಯ ಹೇಳಿತು. ಶುಲ್ಕವನ್ನೇನೋ ವಾಪಸು ಕೊಡಬಹುದು, ಆ ಪದವಿಯ ಬಲದಿಂದ ಪಡೆದ ಬಡ್ತಿ, ಅದನ್ನು ನಂಬಿ ಮಾಡಿದ ಸಾಲ ಇವಕ್ಕೆ ಏನು ಮಾಡುವುದು? ಅವರಲ್ಲಿ ಓದದೆ ಪಡೆದವರೂ ಇದ್ದಿರಬಹುದು, ಕಷ್ಟಪಟ್ಟು ಓದಿದವರೂ ಇದ್ದರು. ತೀರ್ಪಿನ ಮುಂದೆ ಇಬ್ಬರೂ ಒಂದೇ. ಇದು ನನ್ನನ್ನು ಬಹಳ ಕಾಡಿದ ಸಂಗತಿ.

ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವಿಯೂ ತಕರಾರಿಗೆ ಸಿಕ್ಕಿತು. ಹಿಂದಿನ ವರ್ಷಗಳಲ್ಲಿ ಅಲ್ಲಿ ಸೇರಿದ್ದವರ ಪದವಿ ಮಾನ್ಯವೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಅವರು ಪಾರಾದರು. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಯುಜಿಸಿ ಮಾನ್ಯತೆ ತಪ್ಪಿಹೋಗಿ, 2018ರಲ್ಲಿ ಮತ್ತೆ ದೊರೆತದ್ದು ಎಲ್ಲರಿಗೂ ಗೊತ್ತು. ರಾಜ್ಯದ ಎಲ್ಲೆ ಮೀರಿ ಕೇಂದ್ರಗಳನ್ನು ನಡೆಸಿದ್ದೂ ತಾಂತ್ರಿಕ ಕೋರ್ಸುಗಳನ್ನು ಕೊಟ್ಟದ್ದೂ ಅದಕ್ಕೆ ಕಾರಣಗಳಲ್ಲಿ ಸೇರಿದ್ದವು. ನಡುವೆ ಸಿಕ್ಕಿಕೊಂಡವರು ಬಿ.ಎ., ಬಿ.ಕಾಂ. ಓದುತ್ತಿದ್ದ ಸಾಮಾನ್ಯ ಮಕ್ಕಳು.

ಈಗಿನ ನಿಯಮ ಸ್ಪಷ್ಟವಾಗಿದೆ. ಯುಜಿಸಿಯ 2020ರ ನಿಯಮಾವಳಿಯ ಪ್ರಕಾರ ಎಂಜಿನಿಯರಿಂಗ್, ವಾಸ್ತುಶಿಲ್ಪ, ವೈದ್ಯಕೀಯ, ನರ್ಸಿಂಗ್ ಮುಂತಾದ ಪದವಿಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಡುವಂತಿಲ್ಲ. ಮ್ಯಾನೇಜ್‌ಮೆಂಟ್ ಪದವಿಯನ್ನು ಅನುಮತಿ ಪಡೆದ ವಿಶ್ವವಿದ್ಯಾಲಯ ಕೊಡಬಹುದು. ಹಾಗೆ ಅನುಮತಿ ಇರುವ ಕೋರ್ಸು ತರಗತಿಯಲ್ಲಿ ಓದಿದ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಕಟ್ಟುವ ವಿದ್ಯೆಗೆ ಪ್ರಯೋಗಾಲಯ ಬೇಕು, ಕಟ್ಟಿಸುವ ವಿದ್ಯೆಗೆ ಪುಸ್ತಕ ಸಾಕು ಎಂಬ ಹಳೆಯ ಭೇದವೇ ಈಗ ಕಾನೂನಿನ ರೂಪದಲ್ಲಿ ಬಂದಂತಿದೆ. ಅನುಮತಿ ಇದೆಯೇ ಎಂಬುದನ್ನು ಕರಪತ್ರದಲ್ಲಿ ನೋಡಬಾರದು, ಯುಜಿಸಿಯ ದೂರಶಿಕ್ಷಣ ಬ್ಯೂರೋ ಪ್ರಕಟಿಸುವ ಪಟ್ಟಿಯಲ್ಲಿ ನೋಡಬೇಕು. ಅದೂ ವಿಶ್ವವಿದ್ಯಾಲಯದ ಹೆಸರಷ್ಟೇ ಅಲ್ಲ, ಆ ಕೋರ್ಸಿನ ಹೆಸರು, ಸೇರುವ ವರ್ಷ, ಎರಡೂ ಅಲ್ಲಿರಬೇಕು. ಸೌದಿಯಲ್ಲಿ ಎಂಜಿನಿಯರ್ ಎಂಬ ಹುದ್ದೆಗೆ ಅಲ್ಲಿನ ಎಂಜಿನಿಯರುಗಳ ಪರಿಷತ್ತಿನಲ್ಲಿ ನೋಂದಣಿಯಾಗಬೇಕು, ಅದಕ್ಕೆ ಪದವಿ ಪತ್ರದ ತಪಾಸಣೆ ನಡೆಯುತ್ತದೆ. ಹಾಗಾಗಿ ಮ್ಯಾನೇಜ್‌ಮೆಂಟ್ ಪದವಿ ಪಡೆದವನು ತನ್ನನ್ನು ಎಂಜಿನಿಯರ್ ಎನ್ನುವಂತಿಲ್ಲ ಎಂಬುದೂ ತಿಳಿದಿರಬೇಕು.

ಆ ಅರ್ಜಿ ಏನಾಯಿತು

ಕರಪತ್ರದ ಒಂದು ವರ್ಷದ ಬಿ.ಟೆಕ್. ಈ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಯುವಕನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಸರ್, ಮೊದಲ ಕಂತು ನಾಳೆ ಕಟ್ಟಬೇಕೆಂದಿದ್ದೆ" ಎಂದ. ಬದಲಿ ದಾರಿ ಏನೆಂದು ಕೇಳಿದ. ಊರಿಗೆ ಮರಳುವುದಾದರೆ, ಕೆಲಸದಲ್ಲಿರುವ ಡಿಪ್ಲೊಮಾದವರಿಗಾಗಿ ಅನುಕೂಲದ ವೇಳೆಯಲ್ಲಿ ತರಗತಿ ನಡೆಸಲು ಎಐಸಿಟಿಇ 2023ರಿಂದ ಕಾಲೇಜುಗಳಿಗೆ ಅನುಮತಿ ಕೊಡುತ್ತಿದೆ. ಅಲ್ಲಿಯೇ ಇರುವುದಾದರೆ, ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆಯಲ್ಲಿ ನಿರ್ಮಾಣ ನಿರ್ವಹಣೆಯ ಪಾಠಗಳಿವೆ. 2017ರಲ್ಲಿ ಬಂದ ಸ್ವಯಂ ಜಾಲತಾಣದಲ್ಲೂ ಅವು ಸಿಗುತ್ತವೆ. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಸಣ್ಣ ಶುಲ್ಕ. ಪರೀಕ್ಷೆಯನ್ನು ಕೇಂದ್ರಕ್ಕೆ ಬಂದು ಕುಳಿತೇ ಬರೆಯಬೇಕು. ಅದು ಪದವಿಯಲ್ಲ, ಪ್ರಮಾಣಪತ್ರ ಎಂಬುದನ್ನೂ ಅವನಿಂದ ಮುಚ್ಚಿಡಲಿಲ್ಲ.

ಎರಡು ತಿಂಗಳ ನಂತರ ಅವನಿಂದ ಹೊಸ ಅರ್ಜಿ ಬಂತು. ಕೇಳಿದ ಹಣ ಮೊದಲಿನದರ ಕಾಲುಭಾಗವೂ ಇರಲಿಲ್ಲ: ಎರಡು ಪರೀಕ್ಷೆಗಳ ಶುಲ್ಕ, ಒಂದು ಹಳೆಯ ಲ್ಯಾಪ್‌ಟಾಪ್, ಅಷ್ಟೆ. ಅದರ ಕೆಳಗೆ, ಕರಪತ್ರದ ಜಾಗದಲ್ಲಿ, ಕೈಯಿಂದ ಬರೆದ ಒಂದು ಹಾಳೆ. ಎಡಗಡೆ ಪಾಠಗಳ ಹೆಸರು, ಮೇಲೆ ವಾರಗಳು. ಪರೀಕ್ಷೆಯ ದಿನದ ಗೀಟು ಅವನ ವಾರ್ಷಿಕ ರಜೆಯ ಗೀಟಿನೊಳಗೆ ಸರಿಯಾಗಿ ಕೂತಿತ್ತು. ಹಿರಿಯರು ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದನ್ನು ಇವನಿಗೆ ಯಾರು ಕಲಿಸಿದ್ದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಹಿ ಹಾಕಿದರು.